ಹಣೆಯ ಬರಹ, ನೆತ್ತರ ಬರಹ

ಬೆಂಗಳೂರಿನ ಪಡುವಣ ಭಾಗದಲ್ಲಿ, ವಿಜಯನಗರದ ಆಚೆ, ಮೂಡಲಪಾಳ್ಯವೆಂಬ ಬಡಾವಣೆಯಿದೆ. ಪಡುವಣದ ಊರಿಗೆ ಮೂಡಲ ಹೆಸರೇಕೆ ಎಂದು ಪೇಟೆಯವರು ಕೇಳಬಹುದು. ಹೆಸರಿಟ್ಟವರು ಪೇಟೆಯಲ್ಲಿ ನಿಂತು ನೋಡಿದವರಲ್ಲ, ಬೇರೆಲ್ಲೋ ನಿಂತು ನೋಡಿದವರಿರಬೇಕು. ಮೂಡಲು ಪಡುವಲುಗಳು ನೆಲದ ಗುಣವಲ್ಲ. ಅದನ್ನು ಯಾವುದರ ಪಕ್ಕದಲ್ಲಿಟ್ಟು ನೋಡುತ್ತೇವೆಯೋ ಅದರಿಂದ ಹುಟ್ಟುವ ಮಾತು. ಮನುಷ್ಯನ ನೆತ್ತರಿನಲ್ಲಿ ಮುಂಬರುವ ರೋಗದ ಗುರುತನ್ನು ಓದಲು ಹೊರಟಿರುವ ಹೊಸ ವಿದ್ಯೆಯ ವಿಷಯದಲ್ಲಿಯೂ ಇದನ್ನು ನೆನಪಿಡುವುದು ಒಳ್ಳೆಯದು.

ಮೂಡಲಪಾಳ್ಯವೇ ಆಗಲಿ, ರಾಜಾಜಿನಗರ, ಬಸವೇಶ್ವರನಗರಗಳೇ ಆಗಲಿ, ಬೆಳಗಿನ ಹೊತ್ತು ಉದ್ಯಾನದಲ್ಲಿ ನಡೆಯುವ ಹಿರಿಯರ ಮಾತಿಗೆ ಕಿವಿಗೊಟ್ಟರೆ ರಾಜಕೀಯಕ್ಕಿಂತ ಸಕ್ಕರೆಯ ಸುದ್ದಿಯೇ ಹೆಚ್ಚು. ಬರಿಹೊಟ್ಟೆಯಲ್ಲಿ ಎಷ್ಟು, ಊಟವಾದ ಮೇಲೆ ಎಷ್ಟು, ಈಗ ಯಾವ ಮಾತ್ರೆ? ಕೊನೆಗೆ ಒಬ್ಬರು ನಿಟ್ಟುಸಿರಿಟ್ಟು, “ನಮ್ಮ ತಂದೆಯವರಿಗೂ ಇತ್ತು, ದೊಡ್ಡಪ್ಪ ಎದೆನೋವಿನಲ್ಲೇ ಹೋದರು, ವಂಶದಲ್ಲೇ ಇದೆ, ಬಿಡಿ” ಎನ್ನುತ್ತಾರೆ. ಈ “ಬಿಡಿ” ಎಂಬ ಸಣ್ಣ ಮಾತಿನಲ್ಲಿ ಒಂದು ಸಮಾಧಾನವೂ ಇದೆ, ಒಂದು ನೆಪವೂ ಇದೆ. ತಪ್ಪು ನನ್ನದಲ್ಲ ಎಂಬುದು ಸಮಾಧಾನ. ಆದ್ದರಿಂದ ನಾನು ಮಾಡಬೇಕಾದದ್ದೇನೂ ಇಲ್ಲ ಎಂಬುದು ನೆಪ. ಇವೆರಡನ್ನೂ ಬೇರ್ಪಡಿಸುವುದು ಸಾಧ್ಯವೆ?

ಸಕ್ಕರೆ ಕಾಯಿಲೆಯವರಿಗೆ ಹೃದ್ರೋಗದ ಭಯ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂಬುದು ವೈದ್ಯರೆಲ್ಲ ಒಪ್ಪಿದ ಮಾತು. ಆದರೆ ಸಕ್ಕರೆಯಿದ್ದವರಿಗೆಲ್ಲ ಹೃದಯ ಕೆಡುವುದಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಐವತ್ತಕ್ಕೇ ಎದೆ ಹಿಡಿಯುತ್ತದೆ, ಇನ್ನೊಬ್ಬ ಎಂಬತ್ತರವರೆಗೆ ಗಟ್ಟಿಯಾಗಿರುತ್ತಾನೆ. ಈ ಭೇದವೇಕೆ ಎಂದು ಹುಡುಕಿದವರಿಗೆ 2013ರಲ್ಲಿ ಒಂದು ಗುರುತು ಸಿಕ್ಕಿತು. ಅಮೆರಿಕ ಮತ್ತು ಇಟಲಿಯ ಮಧುಮೇಹಿಗಳ ರಕ್ತವನ್ನು ಪರೀಕ್ಷಿಸಿದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಒಂದನೆಯ ವರ್ಣತಂತುವಿನಲ್ಲಿ, ‘ಗ್ಲುಲ್’ ಎಂಬ ಜೀನಿನ ಸಮೀಪದಲ್ಲಿ, ಒಂದೇ ಒಂದು ಅಕ್ಷರದ ವ್ಯತ್ಯಾಸವನ್ನು ಕಂಡರು. ಅದು ಇದ್ದವರಲ್ಲಿ ಹೃದ್ರೋಗದ ಸಂಭವ ನೂರಕ್ಕೆ 36ರಷ್ಟು ಹೆಚ್ಚು. ಸೋಜಿಗದ ಮಾತೆಂದರೆ, ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಅದೇ ಅಕ್ಷರದಿಂದ ಅಂಥ ಕೆಡುಕೇನೂ ಕಾಣಲಿಲ್ಲ.

ಈ ಕೊನೆಯ ಮಾತನ್ನು ಮತ್ತೊಮ್ಮೆ ಓದಬೇಕು. ಅದೇ ಅಕ್ಷರ, ಒಬ್ಬನ ಮೈಯಲ್ಲಿ ಸುಮ್ಮನಿರುತ್ತದೆ, ಸಕ್ಕರೆಯ ನೆರೆ ಸಿಕ್ಕಿದರೆ ಮಾತ್ರ ಅದಕ್ಕೆ ಕೆಟ್ಟ ಅರ್ಥ ಬರುತ್ತದೆ. ಅಂದ ಮೇಲೆ ಅದನ್ನು ಹಣೆಬರಹವೆನ್ನುವುದು ಹೇಗೆ? ಹಣೆಬರಹವೆಂದು ನಮ್ಮ ಹಿರಿಯರು ಕರೆದದ್ದು ಏನು ಮಾಡಿದರೂ ಅಳಿಸಲಾಗದ್ದನ್ನು. ಇದಾದರೋ ಪಕ್ಕದ ಪದ ಬದಲಾದರೆ ಅರ್ಥ ಬದಲಾಗುವ ಅಕ್ಷರ. ಲೆಕ್ಕವೂ ಭಯಂಕರವಾದುದಲ್ಲ. ನೂರರಲ್ಲಿ ಹತ್ತು ಮಂದಿಗೆ ಬರುವ ಕಡೆ ಹದಿಮೂರು ಮಂದಿಗೆ ಬರಬಹುದು, ಅಷ್ಟೆ. ಉಳಿದ ಎಂಬತ್ತೇಳು ಮಂದಿ ಆ ಗುರುತನ್ನು ಹೊತ್ತೂ ಆರೋಗ್ಯವಾಗಿರುತ್ತಾರೆ. ಅಲ್ಲಿಯ ಜನರ ಲೆಕ್ಕ ಇಲ್ಲಿಯವರಿಗೆ ಹಾಗೆಯೇ ಹೊಂದುವುದೆಂದು ಭಾವಿಸುವುದಕ್ಕೂ ಇಲ್ಲ.

ಇನ್ನು “ವಂಶದಲ್ಲೇ ಇದೆ” ಎಂಬ ಮಾತು. ವಂಶದಿಂದ ಬರುವುದು ಜೀನು ಮಾತ್ರವೆ? ಇದಕ್ಕೆ ಉತ್ತರ ಹುಡುಕಲು ಹಾರ್ವರ್ಡಿಗೆ ಹೋಗಬೇಕಾಗಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಸಾಕು. ಅಲ್ಲಿ ಹುಟ್ಟಿದ ಪ್ರತಿಯೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಜನಿಸಿ, ಆಸ್ಪತ್ರೆಯ ಸಮೀಪದಲ್ಲೇ ವಾಸವಾಗಿದ್ದ 517 ಮಂದಿಯನ್ನು ಪರೀಕ್ಷಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿದಾಗ 2.5 ಕಿಲೋಗ್ರಾಂ ಅಥವಾ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋಗ್ರಾಂ ಮೀರಿದವರಲ್ಲಿ ನೂರಕ್ಕೆ 3 ಮಂದಿಗೆ. ತಾನೂ ಸಣ್ಣ ಕೂಸಾಗಿ ಹುಟ್ಟಿ, ಬಸುರಿನಲ್ಲಿ ತಾಯಿಯೂ 45 ಕಿಲೋಗ್ರಾಮಿಗಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 20.

ಅಂದರೆ ವಿಧಿ ಎಂದು ನಾವು ಕೈಮುಗಿಯುವ ಬರಹದಲ್ಲಿ ಒಂದು ಪಾಲನ್ನಾದರೂ ಬರೆದದ್ದು ತಾಯಿಯ ಬರಿದಾದ ತಟ್ಟೆ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಂಡವಳ ಹಸಿವು ಮಗನ ಎದೆಯಲ್ಲಿ ಐವತ್ತು ವರ್ಷದ ನಂತರ ಲೆಕ್ಕ ಕೇಳುತ್ತದೆ. ಇದನ್ನು ದೈವದ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಸುರಿಗೆ ಮೊದಲು ಬಡಿಸದ ಮನೆಯೂ, ಅವಳಿಗೆ ಅನ್ನ ಕೊಡದ ಸಮಾಜವೂ ಇದರಲ್ಲಿ ಪಾಲುದಾರರು.

ನೆತ್ತರ ಬರಹದ ಮೇಲೆ ಮತ್ತೆ ಬರೆಯುವ ಅವಕಾಶವೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಹೃದಯಾಘಾತವಾದ 200 ಮಂದಿಯನ್ನು ಆಗದ 200 ಮಂದಿಯೊಡನೆ ಹೋಲಿಸಿ, 1996ರಲ್ಲೇ ಪ್ರಕಟಿಸಿದ ಅಧ್ಯಯನದಲ್ಲಿ ಎದ್ದು ಕಂಡ ಕಾರಣಗಳು ಹೊಗೆಬತ್ತಿ, ರಕ್ತದೊತ್ತಡ, ಸಕ್ಕರೆ. ಮೂರೂ ಮನುಷ್ಯನ ಕೈಗೆ ಅಷ್ಟಿಷ್ಟು ಎಟುಕುವಂಥವೇ. 2016ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ವರದಿ, ಕೆಟ್ಟ ಜೀನುಗಳ ಹೊರೆ ಹೆಚ್ಚಾಗಿದ್ದವರಲ್ಲಿಯೂ ಹೊಗೆ ಬಿಟ್ಟು, ಮೈ ಬಳಸಿ, ಮಿತವಾಗಿ ಉಂಡವರಿಗೆ ಹೃದ್ರೋಗ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತೆಂದು ಹೇಳಿತು.

ಹಾಗಾದರೆ ಎಲ್ಲರೂ ರಕ್ತದ ಜಾತಕ ಬರೆಸಿಕೊಳ್ಳಬೇಕೆ? ಬೇಡವೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ತಿಳಿದವನು ದಿನವೂ ಸಾಯುತ್ತಾನೆ, ತಿಳಿಯದವನು ಒಂದು ದಿನ ಸಾಯುತ್ತಾನೆ ಎನ್ನುತ್ತಾರೆ ಅವರು. ಏನೂ ಮಾಡಲಾಗದ ರೋಗವಾದರೆ ಆ ಮಾತು ಒಪ್ಪತಕ್ಕದ್ದೇ. ಆದರೆ ನಾಳೆ ಬೆಳಗ್ಗೆ ಮಾಡಬಹುದಾದ ಕೆಲಸವೊಂದು ಇರುವಾಗ, ತಿಳಿಯದಿರುವುದು ನೆಮ್ಮದಿಯಲ್ಲ; ಮುಂದೂಡಿಕೆ. ಅಲ್ಲದೆ ನನ್ನ ರಕ್ತದ ಸುದ್ದಿ ನನ್ನೊಬ್ಬನ ಸ್ವತ್ತಲ್ಲ. ಒಡಹುಟ್ಟಿದವರಿಗೂ ಮಕ್ಕಳಿಗೂ ಅದರಲ್ಲಿ ಪಾಲುಂಟು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಅವರು ಎಚ್ಚರಾಗುವ ಹಕ್ಕನ್ನೇ ಕಸಿದಂತೆ.

ಹೇಳುವವನಿಗೆ ಈ ಕರ್ತವ್ಯವಿದ್ದರೆ ಕೇಳುವವರಿಗೂ ಒಂದಿದೆ. ಜಾತಕದ ಜೊತೆಗೆ ಜೀನಿನ ಪಟ್ಟಿಯನ್ನೂ ಹೋಲಿಸಿ ಹೆಣ್ಣನ್ನು ತಿರಸ್ಕರಿಸುವುದು, “ಇದು ನಿಮ್ಮ ತೌರಿನಿಂದಲೇ ಬಂದದ್ದು” ಎಂದು ಸೊಸೆಯನ್ನು ಚುಚ್ಚುವುದು, ಇವೆಲ್ಲ ಹೊಸ ವಿದ್ಯೆಯನ್ನು ಹಳೆಯ ಕ್ರೌರ್ಯಕ್ಕೆ ಬಾಡಿಗೆಗೆ ಕೊಟ್ಟಂತೆ. ಯಾವ ತಾಯಿತಂದೆಯೂ ಮಕ್ಕಳಿಗೆ ಜೀನುಗಳನ್ನು ಆರಿಸಿ ಕೊಡುವುದಿಲ್ಲ. ವಂಶಪಾರಂಪರ್ಯದ ರೋಗವೆಂಬ ಕಾರಣಕ್ಕೆ ವಿಮೆಯ ಹಣವನ್ನು ನಿರಾಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಮಾರ್ಚಿಯಲ್ಲಿ ಕಂಪನಿಗಳಿಗೆ ಸೂಚಿಸಿತು. ಕಂಪನಿಗೆ ಹೇಳಿಸಿಕೊಳ್ಳಬೇಕಾಯಿತು, ಬೀಗರಿಗೆ ಯಾರು ಹೇಳಬೇಕು?

ಸಮಾಧಾನವನ್ನು ಉಳಿಸಿಕೊಂಡು ನೆಪವನ್ನು ಬಿಡುವುದು ಸಾಧ್ಯವೆಂದೇ ನಮಗೆ ತೋರುತ್ತದೆ. ರೋಗ ಬಂದವನು ಪಾಪಿಯಲ್ಲ. ಬರಬಹುದಾದವನು ನಿರಾಳನೂ ಅಲ್ಲ. ತಂದೆಯಾದವನು ಮಗನಿಗೆ “ವಂಶದಲ್ಲೇ ಇದೆ, ಬಿಡು” ಎನ್ನುವುದಕ್ಕೆ ಬದಲಾಗಿ, “ವಂಶದಲ್ಲಿದೆ, ಆದ್ದರಿಂದ ಬೀಡಿ ಸಿಗರೇಟು ಮುಟ್ಟಬೇಡ, ವರ್ಷಕ್ಕೊಮ್ಮೆ ರಕ್ತ ತೋರಿಸು, ನಿನ್ನ ಹೆಂಡತಿ ಬಸುರಿಯಾದಾಗ ಅವಳಿಗೆ ಮೊದಲು ಬಡಿಸು” ಎನ್ನಲಿ. ಆಸ್ತಿಯ ಪತ್ರಗಳೊಡನೆ ಈ ಮಾತೂ ಮಗನ ಕೈ ಸೇರಲಿ.