ಸೆರಗಿನ ಹಿಂಬದಿ

ಕಳೆದ ಬೇಸಿಗೆಯಲ್ಲಿ ಗೊರೂರಿಗೆ ಹೋಗಿದ್ದಾಗ ನನ್ನ ಹೆಂಡತಿ ತನ್ನ ತಾಯಿಯ ಚಂದ್ರಕಾಳಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಜಗುಲಿಯ ನೆರಳಿನಲ್ಲಿ ಗಾಳಿಗೆ ಹರಡಿದಳು. ಧಾರವಾಡದ ಕಡೆ ಮದುವೆಯಲ್ಲಿ ವಧುವಿಗೆ ಕೊಡುತ್ತಿದ್ದ ಕಪ್ಪು ಸೀರೆ ಅದು. ಸೆರಗಿನ ತುಂಬ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ. ಕನ್ನಡಕ ಏರಿಸಿಕೊಂಡು ಬಂದ ನಮ್ಮ ದೊಡ್ಡಮ್ಮ ಗೋಪುರವನ್ನು ನೋಡಲಿಲ್ಲ, ಸೆರಗನ್ನು ಮಗುಚಿದರು. ಮತ್ತೊಮ್ಮೆ ಮಗುಚಿದರು.

“ಇದರ ಬೆನ್ನು ಯಾವುದೇ?”

“ಎರಡೂ ಮುಖವೇ, ದೊಡ್ಡಮ್ಮ.”

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿಯಲ್ಲಿ ಸೂಜಿ ಒಂದೊಂದು ಎಡೆ ಬಿಟ್ಟು ಮುಂದೆ ಹೋಗುತ್ತದೆ. ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬುತ್ತ ಬರುತ್ತದೆ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ನೂಲಿನ ಎಳೆಗಳನ್ನು ಎಣಿಸಿಯೇ ನಡೆಯಬೇಕು. ಅದೂ ಕಪ್ಪು ಬಟ್ಟೆಯಲ್ಲಿ! ದಾರಕ್ಕೆ ಗಂಟು ಹಾಕುವಂತಿಲ್ಲ.

ಇಷ್ಟೆಲ್ಲ ಕಷ್ಟಪಡುವುದು ಏಕೆ? ಹಿಂಬದಿ ಯಾರಿಗೆ ಬೇಕು? ದೇವರು ನೋಡುತ್ತಾನೆ ಎಂಬುದು ನಮ್ಮಲ್ಲಿ ಸಿದ್ಧವಾಗಿರುವ ಉತ್ತರ. ನನಗದು ಸಾಲದು. ಸೆರಗು ಗಾಳಿಗೆ ಮಗುಚಿದರೆ ನೆರೆಯವರೇ ನೋಡುತ್ತಾರೆ, ದೇವರಿಗೇಕೆ ಆ ಕೆಲಸ ಎಂದು ಲೌಕಿಕರು ಹೇಳಬಹುದು. ಅದೂ ದಿಟವೇ. ಆದರೆ ನನ್ನ ಹೆಂಡತಿ ಹುಡುಗಿಯಾಗಿದ್ದಾಗ ಕಲಿತದ್ದು ಹಳೆಯ ಬಟ್ಟೆಯ ಚೂರುಗಳ ಮೇಲೆ. ಅವನ್ನು ಯಾರೂ ಉಡುವಂತಿರಲಿಲ್ಲ. ಅಲ್ಲಿಯೂ ಗಂಟು ಕಂಡರೆ, ಎಣಿಕೆ ತಪ್ಪಿದರೆ, ತಾಯಿ ಬಿಚ್ಚಿಸುತ್ತಿದ್ದರಂತೆ. ಏಕೆಂದು ಕೇಳಿದರೆ, “ತಿರುಗಿ ಅದೇ ದಾರಿಯಲ್ಲೇ ಬರಬೇಕಲ್ಲ” ಎಂದಷ್ಟೇ ಉತ್ತರ. ಹೋಗುವಾಗ ಒಂದೆಳೆ ತಪ್ಪಿದರೆ ಬರುವಾಗ ದಾರಿ ಕೂಡುವುದಿಲ್ಲ. ನೋಡುವವರು ಬೇರೆ ಯಾರೂ ಇಲ್ಲದಿದ್ದರೂ ಹೊಲಿದವಳೊಬ್ಬಳು ಇದ್ದೇ ಇದ್ದಾಳೆ.

ಹಾಗೆಂದು ಎರಡು ಬದಿಯೂ ಒಂದೇ ಆಗಿರುವುದೇ ಶೀಲವೆಂದು ನಾನು ಹೇಳಲಾರೆ. ಮೆಂತಿಯ ಹಿಂಬದಿ ಮುಂಬದಿಯಂತಿರುವುದಿಲ್ಲ. ಅದನ್ನು ಯಾರೂ ಕಪಟವೆನ್ನುವುದಿಲ್ಲ. ಆಕ್ಷೇಪವಿರುವುದು ಬಚ್ಚಿಟ್ಟ ಗಂಟಿಗೆ.

ಇಷ್ಟು ಬರೆಯುವ ನನಗೂ ಒಂದು ಹಿಂಬದಿಯುಂಟು. ಆ ಸಲ ಊರಿಗೆ ಹೊರಡುವ ಅವಸರದಲ್ಲಿ ಉತ್ತರಪತ್ರಿಕೆಗಳ ಕೊನೆಯ ಕಟ್ಟನ್ನು ಮುಗಿಸಿದ್ದೆ. ಕಡೆಯ ಹತ್ತು ಹನ್ನೆರಡರಲ್ಲಿ ಪ್ರಬಂಧದ ಮೊದಲ ಪುಟವನ್ನಷ್ಟೇ ಓದಿ ಅಂಕ ಹಾಕಿದೆ. ಮೊತ್ತ ಸರಿಯಾಗಿತ್ತು, ಸಹಿ ಅಂದವಾಗಿಯೇ ಇತ್ತು. ಯಾರಾದರೂ ಮರುಮೌಲ್ಯಮಾಪನ ಕೇಳಿದರೆಂಬ ಸುದ್ದಿ ನನ್ನವರೆಗೆ ಬರಲಿಲ್ಲ. ಆ ಹುಡುಗರು ಎರಡನೆಯ ಪುಟದಲ್ಲಿ ಏನು ಬರೆದಿದ್ದರೋ! ಕಟ್ಟು ನನ್ನ ಕೈಬಿಟ್ಟಿದೆ; ಇನ್ನು ಬಿಚ್ಚಿ ಹೊಲಿಯುವಂತಿಲ್ಲ.

ಸಂಜೆ ಸೀರೆ ಮಡಿಸುವಾಗ, ಯಾವ ಬದಿ ಒಳಗಿರಲಿ ಎಂದು ದೊಡ್ಡಮ್ಮ ಕೇಳಿದರು. ಯಾವುದಾದರೂ ಆದೀತು ಎಂದಳು ನನ್ನ ಹೆಂಡತಿ.