ಅಟ್ಟದ ಬೂಷ್ಟು, ಒಲೆಯ ಹೊಗೆ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋದಾಗ ಬಹಳ ವರ್ಷಗಳ ನಂತರ ಅಟ್ಟ ಹತ್ತಿದೆ. ಅಜ್ಜ ಕೈಯಾರೆ ನಕಲು ಮಾಡಿಟ್ಟಿದ್ದ ಯಕ್ಷಗಾನ ಪ್ರಸಂಗಗಳ ಪ್ರತಿಗಳು ನನ್ನ ಪಿಎಚ್‌ಡಿ ಕೆಲಸಕ್ಕೆ ಬೇಕಾಗಿದ್ದವು. ಮರದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆಲ್ಲ ಹಸಿರುಬೂದು ಬಣ್ಣದ ಬೂಷ್ಟು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗಿದ್ದವು. ಜಂತಿ, ಬೆತ್ತದ ಬುಟ್ಟಿ, ಹಳೆಯ ತೊಟ್ಟಿಲು ಎಲ್ಲದರ ಮೇಲೂ ಅದೇ. ಹತ್ತು ನಿಮಿಷದಲ್ಲಿ ಸೀನು ಹತ್ತಿತು.

ನನ್ನ ಬಾಲ್ಯದಲ್ಲಿ ಈ ಅಟ್ಟ ಹೀಗಿರಲಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಸೌದೆ ಒಲೆ ದಿನವಿಡೀ ಉರಿಯುತ್ತಿತ್ತು. ಹೊಗೆ ಅಟ್ಟವನ್ನು ಹಾದು ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ತೆಂಗಿನಕಾಯಿ, ಸೌತೆಬೀಜ, ಅಜ್ಜನ ಪುಸ್ತಕ ಎಲ್ಲವೂ ಮಸಿ ಹಿಡಿದು ಕಪ್ಪಾಗಿರುತ್ತಿದ್ದವು, ಆದರೆ ಕೆಡುತ್ತಿರಲಿಲ್ಲ. ಗ್ಯಾಸ್ ಬಂತು, ಒಲೆ ಆರಿತು. ಮಳೆಗಾಲದ ತೇವಕ್ಕೆ ಅಟ್ಟದಲ್ಲಿ ಎದುರಾಳಿ ಇಲ್ಲದಂತಾಯಿತು.

ಬೂಷ್ಟು ಹೊರಗಿನಿಂದ ನುಗ್ಗುವ ಶತ್ರುವಲ್ಲ. ಅದರ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಕಾಗದ, ಮರ, ಬೈಂಡಿಗೆ ಹಚ್ಚಿದ ಅಂಟು ಅದಕ್ಕೆ ಆಹಾರ. ಕಾಯುವುದು ತೇವಕ್ಕೆ ಮಾತ್ರ. ಗಾಳಿಯ ಆರ್ದ್ರತೆ ಸುಮಾರು ಶೇ. 70 ದಾಟಿ ಹಾಗೇ ನಿಂತರೆ ಅದು ಚಿಗುರಲು ಸಾಕು, ಮಲೆನಾಡಿನಲ್ಲಿ ಮಳೆಗಾಲವಿಡೀ ಇರುವುದೇ ಹಾಗೆ. ಒಲೆಯ ಬಿಸಿ ಆ ತೇವವನ್ನು ಒಣಗಿಸುತ್ತಿತ್ತು. ಹೊಗೆಯಲ್ಲಿರುವ ಫೀನಾಲ್, ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕಗಳು ಶಿಲೀಂಧ್ರ ಬೆಳೆಯದಂತೆ ತಡೆಯುತ್ತಿದ್ದವು.

ಇದೆಲ್ಲ ಹೊಳೆದಾಗ ನನಗೆ ಹೆಮ್ಮೆ ಉಕ್ಕಿತು. ರಾತ್ರಿ ಊಟಕ್ಕೆ ಕೂತಾಗ ಹಿರಿಯರ ಜಾಣ್ಮೆಯ ಬಗ್ಗೆ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ದಿನಕ್ಕೆ ಎರಡು ಗಂಟೆಯಾದರೂ ಮತ್ತೆ ಸೌದೆ ಒಲೆ ಹಚ್ಚಿದರೆ ಅಟ್ಟ ಉಳಿಯುತ್ತದೆ ಎಂದೆ. ಅಜ್ಜಿ ಕೇಳಿಸಿಕೊಂಡು, "ಹೊಗೆ ಬೇಕಾದ್ರೆ ನೀನೇ ಒಲೆ ಮುಂದೆ ಕೂತ್ಕೋ ಮಗ. ನಾ ಐವತ್ತು ವರ್ಷ ಕೂತಾಯ್ತು" ಎಂದರು. ಎಂದು, ಕೆಮ್ಮಿದರು. ಆ ಕೆಮ್ಮನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಅದಕ್ಕೂ ಅಟ್ಟಕ್ಕೂ ಸಂಬಂಧ ಇದೆಯೆಂದು ಯಾವತ್ತೂ ಯೋಚಿಸಿರಲಿಲ್ಲ.

ಬೂಷ್ಟನ್ನು ತಡೆದ ಹೊಗೆಯೇ ಅವರ ಶ್ವಾಸಕೋಶಕ್ಕೂ ಇಳಿದಿತ್ತು. ಕನ್ನಡದಲ್ಲಿ 'ಉಳಿಯಿತು' ಎಂದರೆ ವಾಕ್ಯ ಪೂರ್ಣವಾಗುತ್ತದೆ. 'ಉಳಿಸಿದರು' ಎಂದರೆ ಮಾತ್ರ ಯಾರು ಎಂಬ ಪ್ರಶ್ನೆ ಏಳುತ್ತದೆ. ಹಸ್ತಪ್ರತಿ ಉಳಿಯಿತು, ಪರಂಪರೆ ಉಳಿಯಿತು ಎಂದು ನನ್ನ ಅಧ್ಯಾಯಗಳಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಇದೆ. ಅಜ್ಜಿ ಒಲೆಯ ಮುಂದೆ ಕೂತದ್ದು ಪುಸ್ತಕ ಉಳಿಸಲಿಕ್ಕಲ್ಲ, ಅಡುಗೆಗೆ. ಉದ್ದೇಶವೇ ಇಲ್ಲದ ಉಪಕಾರಕ್ಕೆ ಋಣ ಎಲ್ಲಿಯದು? ಮಳೆ ಬಂದು ಗದ್ದೆ ತುಂಬಿದರೆ ನಾವು ಮೋಡಕ್ಕೆ ಸಾಲಗಾರರಾಗುತ್ತೇವೆಯೇ? ಈ ವಾದ ಸ್ವಲ್ಪ ಹೊತ್ತು ನನಗೂ ಸರಿ ಅನಿಸಿತು. ಆದರೆ ಮೋಡಕ್ಕೆ ಕೆಮ್ಮು ಬರುವುದಿಲ್ಲ. ಅಜ್ಜಿಗೆ ಪುಸ್ತಕ ಉಳಿಸುವ ಉದ್ದೇಶ ಇರಲಿಲ್ಲ ಎನ್ನುವುದು ನಿಜ, ಒಲೆ ಬಿಟ್ಟು ಏಳುವ ಆಯ್ಕೆಯೂ ಅವರಿಗೆ ಇರಲಿಲ್ಲ. ಲಾಭ ನಮ್ಮ ಪಾಲಿಗೆ, ನಷ್ಟ ಅವರ ಪಾಲಿಗೆ ಬಂದಿರುವಾಗ ಉದ್ದೇಶ ಕೇಳುವುದು ಸಾಲಗಾರ ತಪ್ಪಿಸಿಕೊಳ್ಳಲು ಹುಡುಕುವ ನೆಪ. ಋಣವನ್ನು ಅವರಿಗೆ ತೀರಿಸಲು ಆಗದಿರಬಹುದು. ಅದೇ ಲೆಕ್ಕವನ್ನು ಇನ್ನೊಬ್ಬರ ಹೆಸರಿಗೆ ಬರೆಯದೆ ಇರಲು ಆಗುತ್ತದೆ.

ಇದನ್ನು ನಾನು ಅಷ್ಟು ಸುಲಭವಾಗಿ ಕಲಿಯಲಿಲ್ಲ. ಮರುದಿನ ಅಪ್ಪ, "ತೋಟದ ಕೆಲಸಕ್ಕೆ ಬರೋರಿಗೆ ಹೇಳಿದ್ರೆ ಅರ್ಧ ದಿನದಲ್ಲಿ ಒರೆಸಿ ಕೊಡ್ತಾರೆ" ಎಂದರು. ನನಗೂ ಸಮಾಧಾನವಾಯಿತು. ಫೋನ್ ಕೈಗೆತ್ತಿಕೊಂಡ ಮೇಲೆ ಅಜ್ಜಿಯ ಮಾತು ನೆನಪಾಯಿತು. ಒಣ ಬಟ್ಟೆಯಿಂದ ಉಜ್ಜಿದರೆ ಬೀಜಕಣಗಳು ಎದ್ದು ಮೂಗು ಸೇರುತ್ತವೆ. ಅವರಿಗೆ ಮಾಸ್ಕ್ ಕೊಡುವ ಯೋಚನೆ ನಮ್ಮಿಬ್ಬರಿಗೂ ಬಂದಿರಲಿಲ್ಲ.

ಪೇಟೆಯಿಂದ ಎನ್95 ಮಾಸ್ಕ್, ಕೈಗವಸು ತಂದು ನಾನೇ ಹತ್ತಿದೆ. ಬ್ಲೀಚ್ ಹಾಕಿ ಕೊಂದರೆ ಮುಗಿಯುವ ಕೆಲಸ ಇದಲ್ಲ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ತೇವ ಉಳಿದರೆ ಅದು ಮತ್ತೆ ಬೆಳೆಯುತ್ತದೆ. ಒಡೆದ ಐದು ಹೆಂಚು ಬದಲಾಯಿಸಿದೆವು. ಗಾಳಿ ಆಡಲು ಗೋಡೆಯ ಎರಡೂ ಕಡೆ ಜಾಲರಿ ಇಡಿಸಿದೆವು. ಒದ್ದೆ ಬಟ್ಟೆಯಿಂದ ಜಂತಿ ಒರೆಸಿ, ಫ್ಯಾನ್ ಹಚ್ಚಿ ಒಣಗಿಸಿದೆ. ಮೂರು ದಿನ ಹಿಡಿಯಿತು, ಸೊಂಟ ಬಿದ್ದುಹೋಯಿತು.

ಹನ್ನೊಂದು ಪ್ರತಿಗಳಲ್ಲಿ ನಾಲ್ಕನ್ನು ಬಿಡಿಸಲು ಆಗಲೇ ಇಲ್ಲ, ಗೊಬ್ಬರಗುಂಡಿಗೆ ಹಾಕಿದೆ. ಉಳಿದ ಏಳನ್ನು ಜಗಲಿಯಲ್ಲಿ ಹರವಿ, ಫೋಟೋ ತೆಗೆದು ಇಟ್ಟುಕೊಂಡೆ. ಅವುಗಳ ಕಪ್ಪು ಅಂಚಿನ ಮಸಿ ಒರೆಸಲು ಹೊರಟವನು ಕೈ ಹಿಂದೆಗೆದೆ. ಅಜ್ಜನ ಅಕ್ಷರ ಒಳಗೆ ಹಾಳೆಯ ಮೇಲಿದೆ. ಅಜ್ಜಿಯದೆಂದು ಆ ಪುಸ್ತಕದಲ್ಲಿ ಇರುವುದು ಅದೊಂದೇ.