ಪರರ ಗುಟ್ಟು ಸೊತ್ತೋ, ನಿಕ್ಷೇಪವೋ?

ಒಬ್ಬನು ಮತ್ತೊಬ್ಬನಿಗೆ ಸೇವೆ ಸಲ್ಲಿಸುವಾಗ, ಆ ಸೇವೆಯ ನಿಮಿತ್ತದಿಂದಲೇ ಅವನ ಮನೆವಾರ್ತೆಯು ಇವನಿಗೆ ತಿಳಿದುಬರುವುದುಂಟು. ವೈದ್ಯನಿಗೆ ರೋಗಿಯ ವ್ಯಾಧಿ ತಿಳಿಯುತ್ತದೆ. ವಕೀಲನಿಗೆ ಕಕ್ಷಿಗಾರನ ವ್ಯಾಜ್ಯ ತಿಳಿಯುತ್ತದೆ. ಅಂಚೆಯವನಿಗೆ ಯಾರ ಮನೆಗೆ ಎಲ್ಲಿಂದ ಕಾಗದ ಬಂದಿತೆಂಬುದು ತಿಳಿಯುತ್ತದೆ. ಹೀಗೆ ತಿಳಿದುಬಂದ ವಿಷಯವು ತಿಳಿದವನ ಸೊತ್ತೇ, ಅಥವಾ ಅವನಲ್ಲಿ ನಂಬಿ ಇಟ್ಟ ನಿಕ್ಷೇಪವೇ? ಪ್ರಶ್ನೆಯು ಹಳೆಯದು. ಆದರೆ ಮನೆಮನೆಗೂ ಅಂತರ್ಜಾಲದ ಸಂಪರ್ಕ ಬಂದಿರುವ ಈ ಕಾಲದಲ್ಲಿ ಅದನ್ನು ಹೊಸದಾಗಿ ವಿಚಾರಮಾಡಬೇಕಾಗಿದೆ.

ಇಲ್ಲಿ ನನ್ನ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ನಾನು ಉಪಾಧ್ಯಾಯನಾಗಿ ಮೊದಲು ಸೇರಿದ ಹಳ್ಳಿಯಲ್ಲಿ ಓದುಬರಹ ಬಲ್ಲವರು ಕಡಮೆ. ಸಂಜೆ ಶಾಲೆ ಬಿಟ್ಟ ಬಳಿಕ ಹಲವರು ತಮಗೆ ಬಂದ ಕಾಗದಗಳನ್ನು ನನ್ನಿಂದ ಓದಿಸಿಕೊಳ್ಳುತ್ತಿದ್ದರು. ಒಬ್ಬ ವೃದ್ಧೆಯ ಮಗನು ಮುಂಬಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದನು. ಅವನಿಗೆ ಕೆಲಸ ಹೋದುದೂ, ಊರಿನ ಸಾಲಕ್ಕೆ ಆ ವರ್ಷ ಹಣ ಕಳುಹಿಸಲಾರನೆಂಬುದೂ ಆಕೆಗಿಂತ ಒಂದು ನಿಮಿಷ ಮುಂಚಿತವಾಗಿ ನನಗೆ ತಿಳಿಯಿತು. ಮರುದಿನ ಸಾಲ ಕೊಟ್ಟಿದ್ದ ಸಾಹುಕಾರನು ಶಾಲೆಯ ಬಾಗಿಲಿಗೆ ಬಂದು, “ಏನು ಮೇಷ್ಟ್ರೇ, ಮುಂಬಯಿಂದ ಕಾಗದ ಬಂತಂತೆ, ಹುಡುಗ ಹೇಗಿದ್ದಾನೆ?” ಎಂದು ಕೇಳಿದನು. “ಅಜ್ಜಿಯನ್ನೇ ಕೇಳಿ, ಯಜಮಾನರೇ” ಎಂದೆನು. ಶಾಲೆಗೆ ಎರಡು ಬೆಂಚು ಮಾಡಿಸಿಕೊಡುವೆನೆಂದಿದ್ದವನು ಅನಂತರ ಆ ಮಾತನ್ನೆತ್ತಲಿಲ್ಲ. ನಾನು ಹೇಳಿಬಿಟ್ಟಿದ್ದರೆ ಸುಳ್ಳಾಡಿದಂತಾಗುತ್ತಿರಲಿಲ್ಲ; ಕದ್ದಂತೆಯೂ ಆಗುತ್ತಿರಲಿಲ್ಲ. ಆದರೂ ಹೇಳುವ ಅಧಿಕಾರವು ನನಗಿರಲಿಲ್ಲ. ಏಕೆಂದರೆ ಆಕೆ ನನಗೆ ಕೊಟ್ಟದ್ದು ಓದುವ ಕೆಲಸವನ್ನೇ ಹೊರತು ಅದರೊಳಗಿನ ಸುದ್ದಿಯನ್ನಲ್ಲ.

ಅಂತರ್ಜಾಲದ ಸಂಪರ್ಕವನ್ನು ಒದಗಿಸುವ ಕಂಪೆನಿಯು ಇಂದು ಇಂಥ ಸ್ಥಾನದಲ್ಲಿಯೇ ನಿಂತಿದೆ. ಈಗ ಬಹುಪಾಲು ಜಾಲತಾಣಗಳು ಗೂಢಲಿಪಿಯಲ್ಲಿ ವ್ಯವಹರಿಸುವುದರಿಂದ ಒಳಗಿನ ಬರಹವು ಕಂಪೆನಿಗೆ ಕಾಣದು, ನಿಜ. ಆದರೆ ಲಕೋಟೆಯ ಮೇಲಿನ ವಿಳಾಸವು ಸಾಮಾನ್ಯವಾಗಿ ಕಾಣುತ್ತದೆ: ಯಾವ ಮನೆಯಿಂದ, ಯಾವ ತಾಣಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಹೋದರೆಂಬುದು. ಇದರೊಡನೆ ಗಿರಾಕಿಯ ಹೆಸರು, ಮನೆಯ ವಿಳಾಸ, ಗುರುತಿನ ಚೀಟಿ, ಹಣ ಕೊಟ್ಟ ಲೆಕ್ಕ, ಮೊಬೈಲಾದರೆ ಅವನು ಇರುವ ಸ್ಥಳ, ಇವೆಲ್ಲವೂ ಸೇರುತ್ತವೆ. ಬರಿಯ ವಿಳಾಸದಲ್ಲೇನಿದೆ ಎನ್ನಬಾರದು. ಒಂದು ಮನೆಯಿಂದ ನಡುರಾತ್ರಿಯಲ್ಲಿ ಕ್ಯಾನ್ಸರ್ ಆಸ್ಪತ್ರೆಯ ತಾಣಕ್ಕೂ, ಮರುದಿನ ಸಾಲ ಕೊಡುವವರ ತಾಣಕ್ಕೂ, ವಾರ ಕಳೆದ ಮೇಲೆ ಮನೆ ಮಾರಿಸಿಕೊಡುವವರ ತಾಣಕ್ಕೂ ಹೋದರೆಂದು ತಿಳಿದರೆ, ಒಂದಕ್ಷರವನ್ನೂ ಓದದೆ ಆ ಸಂಸಾರದ ಕಥೆಯನ್ನು ಯಾರಾದರೂ ಹೇಳಬಹುದು.

ಅಮೆರಿಕಾ ದೇಶದಲ್ಲಿ ಈ ಪ್ರಶ್ನೆಯು ಶಾಸನಸಭೆಗಳವರೆಗೂ ಹೋಯಿತು. ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬ ಸರಕಾರಿ ಮಂಡಲಿಯು 2016ರ ಅಕ್ಟೋಬರಿನಲ್ಲಿ ಒಂದು ನಿಯಮಾವಳಿಯನ್ನು ಮಾಡಿತು. ಗಿರಾಕಿಯು ಯಾವ ಯಾವ ತಾಣಗಳಿಗೆ ಹೋದನೆಂಬ ಪಟ್ಟಿ, ಅವನಿರುವ ಸ್ಥಳ, ಅವನ ಆರೋಗ್ಯ ಮತ್ತು ಹಣಕಾಸಿನ ವಿಷಯ ಇವುಗಳನ್ನು, ಅವನು ಮೊದಲೇ ಸ್ಪಷ್ಟವಾಗಿ ಒಪ್ಪಿದಲ್ಲದೆ, ಕಂಪೆನಿಯು ಜಾಹೀರಾತಿನ ವ್ಯಾಪಾರಕ್ಕೆ ಉಪಯೋಗಿಸಕೂಡದೆಂಬುದು ಅದರ ಸಾರ. ಆ ವಿಧಿಯು ಆಚರಣೆಗೆ ಬರುವುದಕ್ಕೆ ಮೊದಲೇ, 2017ರ ಮಾರ್ಚ್ ತಿಂಗಳಿನಲ್ಲಿ ಸೆನೆಟ್ ಸಭೆಯು 50ಕ್ಕೆ 48, ಪ್ರತಿನಿಧಿಸಭೆಯು 215ಕ್ಕೆ 205 ಮತಗಳಿಂದ ನಿಯಮಾವಳಿಯನ್ನೇ ರದ್ದುಪಡಿಸಿದುವು. ಏಪ್ರಿಲ್ 3ರಂದು ಅಧ್ಯಕ್ಷ ಟ್ರಂಪ್ ಅದಕ್ಕೆ ರುಜು ಹಾಕಿದರು. ಪಕ್ಷ ಯಾವುದಾದರೂ ಇರಲಿ, ಇಂಥ ವ್ಯಾಪಾರವನ್ನು ಸಮರ್ಥಿಸುವವರು ಹೇಳುವ ಮುಖ್ಯ ವಾದಗಳು ಮೂರು. ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ವಾದ: ಇದರಿಂದ ಗಿರಾಕಿಗೆ ನಷ್ಟವೇನು? ಅವನ ಹಣ ಹೋಗಲಿಲ್ಲ, ಒಡವೆ ಹೋಗಲಿಲ್ಲ. ಅವನಿಗೆ ಬೇಕಾದ ಪದಾರ್ಥದ ಜಾಹೀರಾತು ಅವನ ಕಣ್ಣಿಗೆ ಬಿದ್ದಿತು, ಅಷ್ಟೆ. ಇದಕ್ಕೆ ಸಮಾಧಾನವನ್ನು ದೂರ ಹುಡುಕಬೇಕಾಗಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದದ್ದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಉಪನಿಧಿಯೆಂಬ ಒಂದು ಪ್ರಕರಣವೇ ಇದೆ. ಎಣಿಸಿ ತೋರಿಸಿ ಕೊಟ್ಟದ್ದು ನಿಕ್ಷೇಪ; ಒಳಗೇನಿದೆಯೆಂದು ಹೇಳದೆ ಪಾತ್ರೆಯಲ್ಲಿ ಮುಚ್ಚಿ ಕೊಟ್ಟದ್ದು ಉಪನಿಧಿ. ಎರಡಕ್ಕೂ ಧರ್ಮ ಒಂದೇ. ಇಟ್ಟುಕೊಂಡವನು ಕಳೆದರೆ ಮಾತ್ರ ತಪ್ಪಿತಸ್ಥನೆಂದು ಸ್ಮೃತಿಯು ಹೇಳುವುದಿಲ್ಲ. ಒಡೆಯನ ಅನುಮತಿಯಿಲ್ಲದೆ ಅದನ್ನು ಬಳಸಿ ಜೀವಿಸಿದರೂ ಅವನು ದಂಡಾರ್ಹನು. ಪದಾರ್ಥವನ್ನು ಮಾತ್ರವಲ್ಲದೆ ಅದರಿಂದ ಬಂದ ಲಾಭವನ್ನೂ ಒಪ್ಪಿಸತಕ್ಕದ್ದು. ಎಂದರೆ, ತಪ್ಪು ಇರುವುದು ನಷ್ಟದಲ್ಲಿಯೇ ಅಲ್ಲ. ಪರರ ನಂಬಿಕೆಯನ್ನು ತನ್ನ ಜೀವನೋಪಾಯವಾಗಿ ಮಾಡಿಕೊಳ್ಳುವುದರಲ್ಲಿ. ಮುಚ್ಚಿ ಕೊಟ್ಟ ಪಾತ್ರೆಯ ತೂಕವನ್ನು ನೋಡಿ ಒಳಗಿನದನ್ನು ಊಹಿಸಿ ಆ ಊಹೆಯನ್ನೇ ಮಾರುವವನು, ಮುದ್ರೆ ಒಡೆಯಲಿಲ್ಲವೆಂಬ ಮಾತ್ರಕ್ಕೆ ನಿರ್ದೋಷಿಯಾಗುವನೆ?

ಹಾಗೆಂದು ಉಪಮಾನವನ್ನು ಎಳೆದು ಹರಿಯಬಾರದು. ಒಡವೆಯನ್ನು ಹಿಂದಕ್ಕೆ ಕೊಡಬಹುದು. ತಿಳಿದ ವಿಷಯವನ್ನು ಹಿಂದಕ್ಕೆ ಕೊಡುವುದು ಹೇಗೆ? ಕಂಪೆನಿಗೆ ಸ್ವಲ್ಪಮಟ್ಟಿನ ತಿಳಿವಳಿಕೆ ಅವಶ್ಯವೂ ಹೌದು; ಇಲ್ಲದಿದ್ದರೆ ಅದು ಬಿಲ್ಲು ಬರೆಯಲಾರದು, ಕೆಟ್ಟ ಸಂಪರ್ಕವನ್ನು ಸರಿಪಡಿಸಲಾರದು. ಆದಕಾರಣ ಇಲ್ಲಿ ಧರ್ಮವು ಹೀಗಾಗುತ್ತದೆ: ಯಾವ ಕಾರ್ಯಕ್ಕಾಗಿ ತಿಳಿಯಿತೋ ಆ ಕಾರ್ಯಕ್ಕೆ ಮಾತ್ರ ಉಪಯೋಗ, ಕಾರ್ಯ ತೀರಿದೊಡನೆ ಅಳಿಸುವುದು. ಅಳಿಸುವುದೇ ಇಲ್ಲಿ ಹಿಂದಕ್ಕೆ ಕೊಡುವುದು.

ಎರಡನೆಯ ವಾದ: ಗಿರಾಕಿಯು ಒಪ್ಪಿದ್ದಾನಷ್ಟೆ! ಕರಾರಿನ ಕೆಳಗೆ ‘ಒಪ್ಪಿದೆ’ ಎಂದು ಒತ್ತಿದ್ದಾನೆ. ಆದರೆ ಒಪ್ಪಿಗೆಯೆಂಬುದು ನಿರಾಕರಿಸಲು ಸಾಧ್ಯವಿದ್ದಲ್ಲಿ ಮಾತ್ರ ಒಪ್ಪಿಗೆ. ಮಗುವಿನ ಪಾಠ, ಪಿಂಚಣಿಯ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ಆ ಸಂಪರ್ಕದ ಮೂಲಕವೇ ನಡೆಯಬೇಕಾಗಿರುವಾಗ, ಒಪ್ಪದವನು ಹೋಗುವುದೆಲ್ಲಿಗೆ? ಅಮೆರಿಕೆಯ ಆಸ್ಟಿನ್ ನಗರದಲ್ಲಿ ಎಟಿ ಅಂಡ್ ಟಿ ಕಂಪೆನಿಯು 2013ರಲ್ಲಿ ಒಂದು ಯೋಜನೆಯನ್ನು ಹೊರಡಿಸಿತು. ತಾನು ಹೋದ ತಾಣಗಳನ್ನು ಜಾಹೀರಾತಿಗಾಗಿ ಕಂಪೆನಿಯು ಗಮನಿಸಲೆಂದು ಒಪ್ಪುವವನಿಗೆ ತಿಂಗಳಿಗೆ 70 ಡಾಲರು. ಒಪ್ಪದವನಿಗೆ 99 ಡಾಲರು. 2016ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಆದರೆ ಅದು ಒಂದು ಸತ್ಯವನ್ನು ಬಯಲಿಗಿಟ್ಟಿತು. ಮನೆಯ ಬಾಗಿಲಿಗೆ ತಿಂಗಳಿಗೆ 29 ಡಾಲರಿನ ಬೆಲೆ ಕಟ್ಟಿದರೆ, ಉಳ್ಳವನ ಬಾಗಿಲು ಮುಚ್ಚಿರುತ್ತದೆ, ಇಲ್ಲದವನ ಬಾಗಿಲು ತೆರೆದಿರುತ್ತದೆ. ಮಾನವು ಬಡವನಿಗೂ ಸಮಾನವೆಂದು ನಂಬುವವರು ಇದನ್ನು ಕರಾರೆಂದು ಒಪ್ಪಲಾರರು.

ಮೂರನೆಯ ವಾದ: ಗೂಗಲ್, ಫೇಸ್‌ಬುಕ್ ಮೊದಲಾದವರು ಇದಕ್ಕಿಂತ ಹೆಚ್ಚಾಗಿ ಸಂಗ್ರಹಿಸುತ್ತಿರುವಾಗ ನಮ್ಮನ್ನೇ ಏಕೆ ದೂರುತ್ತೀರಿ? ಪಕ್ಕದವನ ತಪ್ಪು ನಮ್ಮ ತಪ್ಪನ್ನು ತೊಳೆಯುವುದಿಲ್ಲವೆಂಬುದು ಒಂದು ಉತ್ತರ. ಇನ್ನೊಂದು, ಅಂಗಡಿಯವನು ತನ್ನ ಅಂಗಡಿಗೆ ಬಂದವನನ್ನು ಬಲ್ಲನು. ಅಂಗಡಿಯನ್ನು ಬಿಟ್ಟು ಬೇರೆಯದಕ್ಕೆ ಹೋಗಬಹುದು. ಬೀದಿಯನ್ನೇ ಹಿಡಿದವನು ಮಾತ್ರ, ನಾವು ಯಾವ ಯಾವ ಅಂಗಡಿಯ ಮುಂದೆ ನಿಂತೆವೆಂಬುದನ್ನು ಬಲ್ಲನು. ಬೀದಿಯನ್ನು ಬಿಟ್ಟು ನಡೆಯುವುದು ಸಾಧ್ಯವಿಲ್ಲ.

ಇನ್ನು ಸರಕಾರದ ವಿಷಯ. ನಿಕ್ಷೇಪವನ್ನು ರಾಜನು ಒಯ್ದರೂ, ದೈವದಿಂದ ನಾಶವಾದರೂ, ಕಳ್ಳನು ಕದ್ದರೂ, ಇಟ್ಟುಕೊಂಡವನು ತೆರಬೇಕಾಗಿಲ್ಲವೆಂದು ಅದೇ ಸ್ಮೃತಿಯು ಹೇಳುತ್ತದೆ. ಮೂವರನ್ನೂ ಒಂದೇ ಸಾಲಿನಲ್ಲಿ ಹೇಳಿರುವುದು ಮನನೀಯವಾದುದು. ಅಪರಾಧಿಯನ್ನು ಹಿಡಿಯಲು ಸರಕಾರವು ದಾಖಲೆಯನ್ನು ಕೇಳುವುದು ಅನಿವಾರ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಟೆಲಿಫೋನಿನ ಕದ್ದಾಲಿಕೆಯ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಕ್ರಮವಾದ ವಿಧಾನವಿರಬೇಕೆಂದು ಕಟ್ಟುಮಾಡಿತು. ಗೊತ್ತಾದ ಕಾರಣ, ಗೊತ್ತಾದ ವ್ಯಕ್ತಿ, ಬರಹದ ಆಜ್ಞೆ, ಅನಂತರದ ಪರಿಶೀಲನೆ ಇವಿಲ್ಲದ ರಾಜಾಧಿಕಾರವು ಆ ಸಾಲಿನ ಕೊನೆಯವನ ಪಕ್ಕದಲ್ಲಿಯೇ ನಿಲ್ಲಬೇಕಾಗುತ್ತದೆ.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಬಲ ಬಂದದ್ದು ಒಬ್ಬ ಕನ್ನಡಿಗರಿಂದ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಅರ್ಜಿಯನ್ನು ಹಾಕಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು, ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಪ್ರತ್ಯೇಕ ಕಾನೂನಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಟವು. ಇತರರ ಮಾಹಿತಿಯನ್ನು ಹಿಡಿದಿರುವ ಸಂಸ್ಥೆಗೆ ಆ ಕಾನೂನು ಕೊಟ್ಟ ಹೆಸರು ‘ಡೇಟಾ ಫಿಡ್ಯೂಷಿಯರಿ’. ಫಿಡ್ಯೂಷಿಯರಿ ಎಂದರೆ ನಂಬಿ ಕೊಟ್ಟುದನ್ನು ಹಿಡಿದವನು. ಒಡೆಯನೆಂಬ ಹೆಸರನ್ನು ಕಾನೂನು ಅವನಿಗೆ ಕೊಡಲಿಲ್ಲ. ನಿಕ್ಷೇಪಧರ್ಮದ ಬೀಜವು ಹೆಸರಿನಲ್ಲಿಯೇ ಇದೆ. ಅದು ಫಲಕ್ಕೆ ಬರುವುದು ಮಾತ್ರ ಆಚರಣೆಯನ್ನವಲಂಬಿಸಿದೆ.

ಕಾನೂನು ಬೇಲಿಯಂತೆ, ಬೇಲಿಯೊಂದೇ ಹೊಲವನ್ನು ಕಾಯಲಾರದು. ಕಂಪೆನಿಯೆಂಬುದು ಕೈಕಾಲುಗಳಿಲ್ಲದ ಪದಾರ್ಥ. ಅದರ ಕೈಗಳು ಅಲ್ಲಿ ಕೆಲಸಮಾಡುವ ಮನುಷ್ಯರು. ಈ ಪತ್ರಿಕೆ ಹೋಗುವ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಇಂಥ ಲೆಕ್ಕಗಳನ್ನು ಹಿಡಿಯುವ ಉದ್ಯೋಗದಲ್ಲಿದ್ದಾರೆ. ಅವರು ಹಬ್ಬಕ್ಕೆ ಮನೆಗೆ ಬಂದಾಗ ತಂದೆತಾಯಿಗಳು ಸಂಬಳವನ್ನು ಕೇಳುವುದುಂಟು. “ಮಗೂ, ನಿನ್ನ ಕೈಯಲ್ಲಿ ಯಾರ ಗುಟ್ಟಿದೆ? ಅದನ್ನು ಏನು ಮಾಡುತ್ತಿದ್ದೀಯೆ?” ಎಂದೂ ಒಮ್ಮೆ ಕೇಳಬಾರದೆ?

ಮುಂಬಯಿಂದ ಎರಡನೆಯ ಕಾಗದ ಬಂದಾಗ ಆ ಅಜ್ಜಿ ಅದನ್ನು ನನ್ನ ಬಳಿಗೇ ತಂದಳು. ಆ ಊರಿನಲ್ಲಿ ಓದಬಲ್ಲವರು ಬೇರೆ ಇಬ್ಬರಿದ್ದರು. ಯಾರಿಂದ ಓದಿಸಬೇಕೆಂಬುದು ಆಕೆಯ ಇಷ್ಟವಾಗಿತ್ತು. ಇಂದಿನ ಗೃಹಸ್ಥನಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ನಂಬದೆ ಗತಿಯಿಲ್ಲದವನ ನಂಬಿಕೆಯನ್ನು ಹೊತ್ತವನಿಗೆ, ಇಷ್ಟಪಟ್ಟು ನಂಬಿದವನದನ್ನು ಹೊತ್ತವನಿಗಿಂತ ಹೊಣೆಯು ಹೆಚ್ಚೆಂಬುದನ್ನು ವಿಜ್ಞರು ಒಪ್ಪುವರೆಂದು ನಂಬಿದ್ದೇನೆ.